ನೀಲಿ ಔಷಧಿ ಮತ್ತು ಮಾಮಿಯ ನೋಂಬು

ಮಾಮಿಯ ಮೂತ್ರ ಕುದಿಸಿ ಬಣ್ಣ ನೋಡುವ ಕೆಲಸ ನನ್ನ ಪಾಲಿಗೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ಮಾಮಿ ಎಂದರೆ ನನ್ನ ಗಂಡನ ತಾಯಿ. ನಮ್ಮ ಮನೆ ಸುಳ್ಯದ ಹತ್ತಿರ ಅಜ್ಜಾವರದಲ್ಲಿ, ಇವರ ಬಟ್ಟೆ ಅಂಗಡಿ ಸುಳ್ಯ ಪೇಟೆಯಲ್ಲಿ. ಇವರೆಂದರೆ ನನ್ನ ಯಜಮಾನರು. ಮಾಮಿಗೆ ಸಕ್ಕರೆ ಕಾಯಿಲೆ. ಬೆರಳಿಗೆ ಚುಚ್ಚಿ ನೋಡುವ ಯಂತ್ರ ಆಗ ನಮ್ಮ ಕಡೆ ಯಾರ ಮನೆಯಲ್ಲೂ ಇರಲಿಲ್ಲ. ಔಷಧಿ ಅಂಗಡಿಯಲ್ಲಿ ಒಂದು ನೀಲಿ ದ್ರಾವಣ ಸಿಗುತ್ತಿತ್ತು. ಅದನ್ನು ಗಾಜಿನ ನಳಿಗೆಗೆ ಸ್ವಲ್ಪ ಹೊಯ್ದು, ಮೂತ್ರದ ಕೆಲವು ಹನಿ ಬಿಟ್ಟು, ಮರದ ಚಿಮಟದಲ್ಲಿ ಹಿಡಿದು ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಉಂಟು, ಹಳದಿಯಾದರೆ ಇನ್ನೂ ಹೆಚ್ಚು. ಇಟ್ಟಿಗೆಯ ಕೆಂಪಾದರೆ ಮಾತಾಡುವುದೇ ಬೇಡ.

ನಾನು ಬೆಳಗಿನ ನಮಾಝ್ ಮುಗಿಸಿ, ಇದಕ್ಕೆಂದೇ ಬದಿಗಿಟ್ಟ ಒಂದು ಹಳೆಯ ಸೀರೆ ಉಟ್ಟುಕೊಂಡು, ಬಚ್ಚಲಿನ ಮೂಲೆಯಲ್ಲಿ ಸೀಮೆಎಣ್ಣೆಯ ಒಲೆ ಹಚ್ಚುತ್ತಿದ್ದೆ. ನಳಿಗೆ ತೊಳೆದು, ಕೈ ತೊಳೆದು, ಸೀರೆ ಬದಲಾಯಿಸಿದ ಮೇಲೆಯೇ ಅಡುಗೆಮನೆಗೆ ಹೋಗುವುದು. ಇಂಥ ಕೆಲಸವನ್ನು ಮಾಮಿ ಗಂಡುಮಕ್ಕಳಿಂದ ಮಾಡಿಸುವವರಲ್ಲ. ನನ್ನಿಂದ ಮಾಡಿಸಲಿಕ್ಕೂ ಅವರಿಗೆ ನಾಚಿಕೆಯೇ. ಮನೆಗೆ ಯಾರಾದರೂ ಹೆಂಗಸರು ಬಂದಿದ್ದಾಗ ಸಕ್ಕರೆಯ ಹೆಸರೆತ್ತದೆ, ಮೋಳೆ, ಎಂದರೆ ಮಗಳೇ, ಎಂದು ಕರೆದು ಒಳಗಿನ ಕೋಣೆಯಿಂದ ಕೇಳುವರು:

"ಮೋಳೆ, ಇವತ್ತು ಯಾವ ಬಣ್ಣ ಬಂತು?"

"ಪಚ್ಚೆ, ಮಾಮಿ."

"ಅಡ್ಡಿ ಇಲ್ಲ. ಇಟ್ಟುಬಿಡು."

ಹಾಗೆ ಒಮ್ಮೆ ಬಂದಿದ್ದ ಹೆಂಗಸೊಬ್ಬರು, "ಅಂಗಡಿಗೆ ಹೊಸ ಬಟ್ಟೆ ಬಂದದ್ದಾ? ಪಚ್ಚೆ ನನಗೂ ಒಂದು ರವಕೆಗೆ ಬೇಕಿತ್ತು" ಅಂದರು.

"ಆ ಪಚ್ಚೆ ನಿನಗೆ ಬೇಡ ಮಾರಾಯ್ತಿ, ಒಂದೇ ದಿನದಲ್ಲಿ ಬಣ್ಣ ಬದಲಾಗ್ತದೆ" ಅಂದರು ಮಾಮಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ.

ಮಾಮಿಗೆ ಬೇಕಾಗಿದ್ದದ್ದು ಒಂದೇ. ಬರುವ ರಮಝಾನಿನಲ್ಲಿ ನೋಂಬು ಹಿಡಿಯಬೇಕು. ನಮ್ಮಲ್ಲಿ ಉಪವಾಸಕ್ಕೆ ನೋಂಬು ಎನ್ನುತ್ತೇವೆ. ಎರಡು ವರ್ಷದ ಹಿಂದೆ ನೋಂಬಿನ ಮಧ್ಯಾಹ್ನ ಅವರು ನೆಲಕ್ಕೆ ಬಿದ್ದಿದ್ದರು. ಪುತ್ತೂರಿನ ಡಾಕ್ಟ್ರು ಉಪವಾಸ ನಿಲ್ಲಿಸಿಬಿಟ್ಟರು. ಕಾಯಿಲೆಯವರಿಗೆ ವಿನಾಯಿತಿ ಉಂಟು, ಬದಲಿಗೆ ಬಡವರಿಗೆ ಊಟ ಕೊಡಬಹುದು ಎಂದು ನಮ್ಮ ಮಸೀದಿಯ ಉಸ್ತಾದರೂ ಹೇಳಿದರು. ಮಾಮಿ ಊಟ ಕೊಟ್ಟರು, ಮನಸ್ಸಿಟ್ಟೇ ಕೊಟ್ಟರು. ಆದರೆ ಕಳೆದ ರಮಝಾನ್ ಇಡೀ ಒಳಕೋಣೆಯ ಬಾಗಿಲು ಹಾಕಿಕೊಂಡು ಕದ್ದವರ ಹಾಗೆ ಗಂಜಿ ಉಣ್ಣುತ್ತಿದ್ದರು. ಸಂಜೆ ಮಗ್ರಿಬ್ ಬಾಂಗು ಕೇಳಿ ನಾವೆಲ್ಲ ಖರ್ಜೂರಕ್ಕೆ ಕೈ ಹಾಕುವ ಹೊತ್ತಿಗೆ ಅವರು ಎದ್ದು ಹಿತ್ತಲಿಗೆ ಹೋಗುವರು. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ನೋಂಬು ಬಿಡದೆ ಹಿಡಿದವರು. ಆ ಬೆನ್ನು ಮರೆಯಾಗುವವರೆಗೆ ನಾವು ಖರ್ಜೂರ ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದೆವು.

ಹಾಗಾಗಿ ಆ ವರ್ಷ ರಮಝಾನಿಗೆ ಕೆಲವು ತಿಂಗಳು ಇರುವಾಗಲೇ ಮಾಮಿಯನ್ನು ಬಸ್ಸಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದೆ. ಡಾಕ್ಟ್ರು ಸಿಟ್ಟಿನವರಲ್ಲ, ಆದರೆ ಬಾಯಿಮಾತಿಗೆ ಬಗ್ಗುವವರೂ ಅಲ್ಲ.

"ಉಪವಾಸ ಬೇಡ ಅಂತ ನನಗೇನು ಹಠ ಇಲ್ಲ ಅಮ್ಮ. ಅಲ್ಲಿವರೆಗೆ ಮಾತ್ರೆ ತಪ್ಪಬಾರದು, ಬೆಳಿಗ್ಗೆಯೂ ಊಟ ಆದ ಮೇಲೆಯೂ ಬಣ್ಣ ನೀಲಿ ನಿಲ್ಲಬೇಕು. ಅಪರೂಪಕ್ಕೆ ಹಸಿರು ಬಂದರೆ ಅಡ್ಡಿ ಇಲ್ಲ. ಆಗ ನೋಡುವ."

ಮಾಮಿ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ ಕೇಳಿದರು: "ಈ ಸಕ್ಕರೆ ನನ್ನ ಮೈಯೊಳಗೆ ಮಾಡುದು ಎಂತ ಅಂತ ಕೇಳು. ಶತ್ರು ಯಾರು ಅಂತ ಗೊತ್ತಾಗದೆ ಜಗಳ ಆಡುದು ಹೇಗೆ?"

ನಾನು ಅದನ್ನು ಕನ್ನಡದಲ್ಲಿ ಕೇಳಿದಾಗ ಡಾಕ್ಟ್ರು ನಕ್ಕು ನಿಧಾನಕ್ಕೆ ಹೇಳಿದರು. ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿಂದ ಆದದ್ದು. ಪ್ರತಿಯೊಂದು ಕೋಶಕ್ಕೂ ಸುತ್ತ ಒಂದು ತೆಳ್ಳಗಿನ ಪೊರೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ, ಆದರೆ ಅದಕ್ಕೆ ತಾನಾಗಿ ಕೋಶದ ಒಳಗೆ ಹೋಗಲಿಕ್ಕೆ ಆಗುವುದಿಲ್ಲ. ಇನ್ಸುಲಿನ್ ಎಂಬ ರಸ ಬಂದು ಪೊರೆಯನ್ನು ಹೊರಗಿನಿಂದ ಮುಟ್ಟುತ್ತದೆ. ಅದು ಒಳಗೆ ಹೋಗಬೇಕಾಗಿಲ್ಲ, ಅದರ ಸುದ್ದಿ ಹೋದರೆ ಸಾಕು. ಆಗ ಒಳಗಿನಿಂದ ದಾರಿ ತೆರೆಯುತ್ತದೆ, ಸಕ್ಕರೆ ಒಳಗೆ ಸೇರುತ್ತದೆ. ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ಇನ್ಸುಲಿನ್ ಇರುತ್ತದೆ, ಸುದ್ದಿ ಮಾತ್ರ ಸರಿಯಾಗಿ ಒಳಗೆ ಮುಟ್ಟುವುದಿಲ್ಲ.

ನಾನು ಪುತ್ತೂರು ಕಡೆಯ ಹುಡುಗಿ, ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ಮಾತು ಅರ್ಥವಾಯಿತು, ಮಾಮಿಗೆ ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. ಮತ್ತೆ ನಮ್ಮ ಮನೆಯ ಪರದೆ ನೆನಪಿಗೆ ಬಂತು. ಚಾವಡಿಗೂ ಒಳಮನೆಗೂ ನಡುವೆ ಪರದೆ ಉಂಟು. ಹೊರಗಿನ ಗಂಡಸರು ಯಾರು ಬಂದರೂ ಪರದೆಯ ಆಚೆ ನಿಂತು ಮಾತಾಡುವುದು. ಒಳಗೆ ಬರುವ ಕ್ರಮ ಇಲ್ಲ.

"ಮಾಮಿ, ನಮ್ಮಲ್ಲಿಗೆ ಅಕ್ಕಿ ಮುಡಿ ತಂದವ ಎಂತ ಮಾಡ್ತಾನೆ? ಪರದೆಯ ಹೊರಗೆ ನಿಂತು ಅಕ್ಕಿ ಬಂದುಂಟು ಅಂತಾನೆ. ನಾವು ಒಳಗಿನಿಂದ ಉಗ್ರಾಣದ ಬಾಗಿಲು ತೆಗೀತೇವೆ. ಈ ಇನ್ಸುಲಿನ್ ಹಾಗೆ ಕರೆಯುವವ. ನಿಮ್ಮ ಮೈಯಲ್ಲಿ ಅವನು ಕರೆಯುದು ಒಳಗೆ ಕೇಳುದಿಲ್ಲ, ಅಕ್ಕಿ ಅಂಗಳದಲ್ಲೇ ರಾಶಿ ಬಿದ್ದುಂಟು."

ಮಾಮಿ ಕೂಡಲೇ ಅಂದರು: "ಹಾಗಾದರೆ ನನ್ನ ಪರದೆ ಕಂಬಳಿ ಆಗಿದೆ ಅನ್ನು."

ಇದನ್ನು ಡಾಕ್ಟ್ರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನಕ್ಕರು. ಆ ಪರದೆ ಬಹುಪಾಲು ಕೊಬ್ಬಿನದ್ದು, ನಾವು ತಿನ್ನುವ ಎಣ್ಣೆ, ಮೀನು, ಮಾಂಸದ ಕೊಬ್ಬೇ ಅಲ್ಲಿಗೆ ಹೋಗಿ ಸೇರುತ್ತದೆ, ಬೂತಾಯಿಯಂಥ ಮೀನಿನ ಎಣ್ಣೆ ಅದನ್ನು ಮೃದುವಾಗಿ ಇಡುತ್ತದೆ ಎಂದು ಹೇಳುವವರಿದ್ದಾರೆ ಎಂದರು. "ಇದನ್ನೆಲ್ಲ ವಿಜ್ಞಾನಿಗಳು ಇನ್ನೂ ನೋಡ್ತಾ ಇದ್ದಾರೆ. ಮೆಂತೆ, ಹಾಗಲಕಾಯಿಯ ಬಗ್ಗೆಯೂ ನೋಡ್ತಾ ಇದ್ದಾರೆ. ತಿನ್ನಿ, ಒಳ್ಳೆಯದೇ. ಆದರೆ ಮಾತ್ರೆ ಬಿಟ್ಟು ಮೆಂತೆ ಹಿಡಿದರೆ ನನ್ನ ಹತ್ತಿರ ಬರಬೇಡಿ. ಮತ್ತೆ, ನಡೀಬೇಕು. ನಡೆದರೆ ಇನ್ಸುಲಿನ್ ಕರೆಯದಿದ್ದರೂ ಸ್ನಾಯುಗಳು ಸ್ವಲ್ಪ ಸಕ್ಕರೆ ಎಳ್ಕೊಳ್ತವೆ."

ಮೆಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಮಿಯ ಮುಖ ಅರಳಿತು. ಅದು ನಮ್ಮ ಮನೆಯ ಪದಾರ್ಥ. ಬಾಣಂತಿಗೂ ಮೆಂತೆಗಂಜಿ, ಸೊಂಟನೋವಿಗೂ ಮೆಂತೆಗಂಜಿ. ಮಾಮಿಯ ತಂಗಿ ಪಕ್ಕದ ಮಂಡೆಕೋಲು ಊರಿನಿಂದ ಸುದ್ದಿ ಕೇಳಿ ಬಂದರು, ಬರುವಾಗಲೇ ಒಂದು ಪೊಟ್ಟಣ ಮೆಂತೆ ತಂದರು. "ಡಾಕ್ಟ್ರೇ ಹೇಳಿದ ಮೇಲೆ ಎಂತ ನೋಡುದು? ದಿನಾ ಬೆಳಿಗ್ಗೆ ಒಂದು ಬಟ್ಟಲು ಗಂಜಿ ಮಾಡಿ ಕೊಡು" ಎಂದು ನನಗೆ ಆಜ್ಞೆಯಾಯಿತು. ಮೆಂತೆಯನ್ನು ನೆನೆಸಿ, ಅಕ್ಕಿಯೊಂದಿಗೆ ಬೇಯಿಸಿ, ದಪ್ಪ ತೆಂಗಿನ ಹಾಲು ಹೊಯ್ದು, ಒಂದು ಅಚ್ಚು ಬೆಲ್ಲ ಕರಗಿಸಿ ಇಳಿಸಿದೆ. ನಮ್ಮಲ್ಲಿ ಮೆಂತೆಗಂಜಿ ಎಂದರೆ ಅದೇ. ಬೆಲ್ಲ ಇಲ್ಲದ ಮೆಂತೆಗಂಜಿಯನ್ನು ನಾನು ಕಂಡವಳೇ ಅಲ್ಲ. ನನ್ನ ಕೈಗೆ ಬೆಲ್ಲ ಹಾಕುವುದು ಎಂದರೆ ಸಾರಿಗೆ ಉಪ್ಪು ಹಾಕಿದ ಹಾಗೆ, ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಮಾಮಿ ಬಿಸ್ಮಿಲ್ಲಾ ಹೇಳಿ, ಔಷಧಿ ಎಂದು ಬಟ್ಟಲು ನೆಕ್ಕಿ ಕುಡಿದರು. ತಂಗಿಯೂ ಜೊತೆಗೆ ಕುಡಿದರು, ಅವರಿಗೆ ಕಾಯಿಲೆ ಇರಲಿಲ್ಲ.

ಆಮೇಲೆ ಕುದಿಸಿದರೆ ಇಟ್ಟಿಗೆ ಕೆಂಪು. ಮರುದಿನ ಪುನಃ ಕೆಂಪು.

"ಮೆಂತೆ ಹಳತಾಗಿರಬೇಕು" ಎಂದರು ಮಾಮಿ. "ನೀಲಿ ಔಷಧಿ ಕೆಟ್ಟಿರಬೇಕು" ಎಂದರು ಇವರು. ಇವರು ಬೇರೆ ಬಾಟಲಿ ತಂದರು. ಅದೂ ಕೆಂಪು. ಮಾಮಿಯ ತುಟಿ ಒಣಗತೊಡಗಿತು, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಸುಸ್ತು.

ಯಾವುದರ ದೋಷ ಎಂದು ತಿಳಿಯಲು ನನಗೆ ಹೊಳೆದ ದಾರಿ ಒಂದೇ. ಗಂಜಿಯ ಸಾಮಾನನ್ನು ಒಂದೊಂದಾಗಿ ಅದೇ ನೀಲಿ ಔಷಧಿಯಲ್ಲಿ ಕುದಿಸಿ ನೋಡುವುದು. ಮಾಮಿ ಸಮ್ಮತಿಸಿದರು, ಆದರೆ ಒಂದು ಮಾತಿನ ಮೇಲೆ. "ಆ ನಳಿಗೆ ಅಡುಗೆಮನೆಯ ಹೊಸ್ತಿಲು ದಾಟಿದರೆ ನಾನು ಈ ಮನೆಯಲ್ಲಿ ನೀರು ಕುಡಿಯುದಿಲ್ಲ." ಹಾಗಾಗಿ ಅಡುಗೆಮನೆಯೇ ಬಚ್ಚಲಿಗೆ ಹೋಯಿತು. ತೆಂಗಿನಕಾಯಿಯ ಸಣ್ಣ ಸಣ್ಣ ಗೆರಟೆಗಳಲ್ಲಿ ಮೆಂತೆ ನೆನೆದ ನೀರು, ತೆಂಗಿನ ಹಾಲು, ಬೆಲ್ಲದ ನೀರು. ಇವರು ಬಾಗಿಲಲ್ಲಿ ನಿಂತು, "ಇಲ್ಲಿ ಯಾರ ಮದುವೆ?" ಎಂದು ಕೇಳಿದರು. ಮಾಮಿ, "ನಿನ್ನದೇ ಇನ್ನೊಂದು, ಹೋಗು ಮೋನೆ" ಎಂದು ಮಗನನ್ನು ಓಡಿಸಿದರು.

ಮೆಂತೆಯ ನೀರು ನೀಲಿಯಾಗಿಯೇ ಉಳಿಯಿತು, ತೆಂಗಿನ ಹಾಲೂ ಹೆಚ್ಚು ಬದಲಾಗಲಿಲ್ಲ. ಬೆಲ್ಲದ ನೀರು ಕುದಿ ಬರುತ್ತಲೇ ಹಸಿರಾಗಿ, ಹಳದಿಯಾಗಿ, ನಮ್ಮ ಕಣ್ಣೆದುರೇ ಕೆಂಪಾಯಿತು. ಮಾಮಿ ಮಣೆಯ ಮೇಲೆ ಕೂತಲ್ಲಿಂದಲೇ ಬಗ್ಗಿ ನೋಡಿದರು. "ಪಾಪ ಮೆಂತೆಗೆ ಬೈದೆವಲ್ಲ" ಎಂದರು.

ಮತ್ತೆ ಅವರಿಗೆ ಉತ್ಸಾಹ ಬಂತು. ಜೇನು ತರಿಸಿದರು. ಜೇನಿನಲ್ಲಿ ಶಮನ ಉಂಟೆಂದು ಖುರ್‌ಆನಿನಲ್ಲೇ ಇದೆ, ಆದ್ದರಿಂದ ಅದು ಸಕ್ಕರೆಯ ಜಾತಿಯದ್ದಲ್ಲ ಎಂದು ಅವರ ನಂಬಿಕೆ. ಜೇನು ಬೆಲ್ಲಕ್ಕಿಂತಲೂ ಬೇಗ ಕೆಂಪಾಯಿತು. ಮಾಮಿ ಜೇನಿನ ಬಾಟಲಿಗೆ ಮುಚ್ಚಳ ಹಾಕಿದರು. "ಜೇನಿನಲ್ಲಿ ತಪ್ಪಿಲ್ಲ ಮೋಳೆ. ತಪ್ಪು ನನ್ನ ಮೈಯಲ್ಲಿ. ಅಲ್ಲಾಹು ಕೊಟ್ಟದ್ದೆಲ್ಲ ಒಳ್ಳೆಯದೇ, ಎಲ್ಲರಿಗೂ ಎಲ್ಲವೂ ಅಲ್ಲ" ಎಂದರು. ಆ ಮಾತು ಈಗಲೂ ನನ್ನ ಜೊತೆಗಿದೆ.

ಕೊನೆಗೆ ಬಿಳಿ ಸಕ್ಕರೆ. ಎಲ್ಲಕ್ಕಿಂತ ಕೆಂಪು ಅದೇ ಆಗುತ್ತದೆ ಎಂದು ನಾವಿಬ್ಬರೂ ಕಾದು ಕೂತೆವು. ಕುದಿಯಿತು, ಉಕ್ಕಿತು. ಬಣ್ಣ ಬದಲಾಗಲಿಲ್ಲ. ಪುನಃ ಮಾಡಿದೆ. ನೀಲಿ.

ಮಾಮಿ ಎದ್ದು ನಿಂತರು. "ಕಂಡೆಯಾ? ಬೆಲ್ಲ ಕಳ್ಳ, ಸಕ್ಕರೆ ಸಾಹುಕಾರ. ಇಷ್ಟು ದಿನ ನನಗೆ ಚಪ್ಪೆ ಚಾ ಕುಡಿಸಿದಿರಲ್ಲ ನೀವೆಲ್ಲ ಸೇರಿ."

ನನಗೂ ಬೇರೆ ದಾರಿ ತೋಚಲಿಲ್ಲ. ಮೆಂತೆಯ ವಿಷಯದಲ್ಲಿ ನಳಿಗೆಯ ಮಾತು ನಂಬಿದೆವು, ಬೆಲ್ಲದಲ್ಲೂ ನಂಬಿದೆವು. ಸಕ್ಕರೆಯ ವಿಷಯಕ್ಕೆ ಮಾತ್ರ ನಂಬಬಾರದು ಎನ್ನುವುದು ಯಾವ ನ್ಯಾಯ? ಆವತ್ತು ಸಂಜೆ ಮಾಮಿಗೆ ಸಕ್ಕರೆ ಹಾಕಿದ ಚಾ ಮಾಡಿ ಕೊಟ್ಟೆ. ಅವರು ಕುಡಿದ ರೀತಿ ನೋಡಿ ನನಗೇ ಕಣ್ಣು ತುಂಬಿತು. ಮರುದಿನವೂ ಅದೇ ಚಾ. ಊಟದ ಮೇಲೆ ಕುದಿಸಿದರೆ ಕೆಂಪು. ಬೆಲ್ಲ ಇಲ್ಲ, ಜೇನು ಇಲ್ಲ, ಕೆಂಪು ಮಾತ್ರ ಉಂಟು.

ಪುನಃ ಮಾಮಿಯನ್ನು ಕರೆದುಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ರಮಝಾನ್ ಹತ್ತಿರ ಬರುತ್ತಾ ಇತ್ತು. ಡಾಕ್ಟ್ರು ಕಥೆಯನ್ನೆಲ್ಲ ಕೇಳಿ ಕುರ್ಚಿಗೆ ಒರಗಿದರು.

"ಒಳ್ಳೆ ಪರೀಕ್ಷೆಯೇ ಮಾಡಿದ್ದೀರಿ. ಒಂದು ವಿಷಯ ಗೊತ್ತಿರಲಿಲ್ಲ, ಅಷ್ಟೆ. ಅಂಗಡಿ ಸಕ್ಕರೆ ಎರಡು ಸಕ್ಕರೆ ಒಂದಕ್ಕೊಂದು ಕೈ ಹಿಡ್ಕೊಂಡದ್ದು. ಹಾಗೆ ಹಿಡ್ಕೊಂಡಿರುವಾಗ ಈ ನೀಲಿ ಔಷಧಿಗೆ ಅದು ಸಿಗುದಿಲ್ಲ. ಹೊಟ್ಟೆಗೆ ಹೋದ ಮೇಲೆ ಕೈ ಬಿಡಿಸ್ತದೆ. ಆಮೇಲೆ ಬೆಲ್ಲವೂ ಒಂದೇ, ಅದೂ ಒಂದೇ. ಬೆಲ್ಲದಲ್ಲಿ ಸ್ವಲ್ಪ ಮೊದಲೇ ಬಿಡಿಸಿ ಹೋಗಿರ್ತದೆ, ಅದಕ್ಕೆ ಕೆಂಪಾದದ್ದು. ಅನ್ನವೂ ಹಾಗೆಯೇ, ನಳಿಗೆಯಲ್ಲಿ ಸುಮ್ಮನಿರ್ತದೆ, ಹೊಟ್ಟೆಯಲ್ಲಿ ಸಕ್ಕರೆ ಆಗ್ತದೆ. ನಳಿಗೆಯನ್ನು ಅಡುಗೆ ನೋಡಲಿಕ್ಕೆ ಬಳಸಬೇಡಿ, ಅಮ್ಮನನ್ನು ನೋಡಲಿಕ್ಕೆ ಬಳಸಿ."

ಮಾಮಿ ಕೇಳಿದ್ದು ಒಂದೇ ಪ್ರಶ್ನೆ. "ಮೆಂತೆಗೆ ಎಂತ ಹೇಳ್ತಾರೆ?"

ಮೆಂತೆ ನೆನೆದಾಗ ಬರುವ ಲೋಳೆ ಹೊಟ್ಟೆಯಲ್ಲಿ ಅನ್ನವನ್ನು ಹಿಡಿದಿಡುತ್ತದೆ, ಸಕ್ಕರೆ ಒಮ್ಮೆಲೇ ನುಗ್ಗದೆ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ ಎಂದರು ಡಾಕ್ಟ್ರು. ಬೆಲ್ಲ ಇಲ್ಲದೆ ತಿಂದರೆ ಮಾತ್ರ.

ಬಸ್ಸಿನಿಂದ ಇಳಿಯುವಾಗ ಮಾಮಿ ಹೇಳಿದರು: "ಬೆಲ್ಲ ಇಲ್ಲದ ಮೆಂತೆಗಂಜಿ ಕುಡಿದವಳು ಸ್ವರ್ಗಕ್ಕೆ ಹೋಗದಿದ್ದರೆ ಮತ್ತೆ ಯಾರು ಹೋಗುದು?"

ಅಲ್ಲಿಂದ ನಮ್ಮ ಅಡುಗೆ ಬದಲಾಯಿತು. ನೆನೆಸಿದ ಮೆಂತೆಯನ್ನು ನುಣ್ಣಗೆ ಅರೆದು, ಸ್ವಲ್ಪವೇ ಕುಚ್ಚಲಕ್ಕಿ ಹಾಕಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ತೆಳ್ಳಗೆ ಬೇಯಿಸಿದೆ. ತೆಂಗಿನ ಹಾಲು ಹೆಸರಿಗೆ ಮಾತ್ರ. ಮೊದಲ ದಿನ ಮಾಮಿಯ ಮುಖ ಹಿಂಡಿದ ನಿಂಬೆಯ ಹಾಗಾಯಿತು. ವಾರ ಕಳೆಯುವಾಗ, "ಉಪ್ಪು ಇನ್ನೊಂದು ಹರಳು ಬೇಕಿತ್ತು" ಎಂದರು. ರುಚಿ ಹಿಡಿಯಿತು ಎಂದು ನನಗೆ ಸಮಾಧಾನವಾಯಿತು. ರಾತ್ರಿ ಅನ್ನ ಕಡಿಮೆ ಮಾಡಿ ಹುರುಳಿ ಸಾರು, ನುಗ್ಗೆಸೊಪ್ಪು ಹೆಚ್ಚು ಮಾಡಿದೆ. ಸೈಕಲಿನಲ್ಲಿ ಮೀನು ತರುವವರ ಕೊಂಬು ಕೇಳಿದರೆ ಬೂತಾಯಿ ತೆಗೆದುಕೊಂಡು, ಹುರಿಯದೆ ಹುಳಿ, ಮೆಣಸು ಅರೆದು ಹಾಕಿ ಪುಳಿಮುಂಚಿ ಮಾಡುವುದು. ಹುಳಿಯ ಮೇಲೆ ಮೀನಿನ ಎಣ್ಣೆ ಸಣ್ಣ ಸಣ್ಣ ಕಣ್ಣುಗಳ ಹಾಗೆ ತೇಲುವಾಗ, ಇದೇ ಹೋಗಿ ಮಾಮಿಯ ಪರದೆ ಆಗುತ್ತದಂತೆ ಎಂದು ನಾನು ನೋಡುತ್ತಾ ನಿಲ್ಲುತ್ತಿದ್ದೆ. ಇಂಥ ಕೆಲಸವನ್ನು ನಮ್ಮೊಳಗೆ ಯಾರಿಗೂ ಕಾಣದಂತೆ ನಡೆಸುವವನು ಎಷ್ಟು ದೊಡ್ಡವನು. ಹಿತ್ತಲಿನ ಹಾಗಲ ಬಳ್ಳಿ ಆ ವರ್ಷ ಎಂದೂ ಇಲ್ಲದಷ್ಟು ಕಾಯಿ ಬಿಟ್ಟಿತು. ಅದನ್ನೂ ನಾನು ಒಂದು ಕರುಣೆಯೆಂದೇ ತಿಳಿದೆ. ಮಾಮಿ, "ಇಷ್ಟು ಕರುಣೆ ಬೇಡಿತ್ತು" ಎಂದರು.

ನಡೆಯಲಿಕ್ಕೆ ರಸ್ತೆಗೆ ಹೋಗುವುದು ಮಾಮಿಗೆ ಆಗದು. ಮನೆಯ ಸುತ್ತ ಅಂಗಳದಲ್ಲೇ ತಸ್ಬೀಹು ಮಣಿ ಹಿಡಿದು ಸುತ್ತುತ್ತಿದ್ದರು. ಬಾಯಲ್ಲಿ ದೇವರ ಹೆಸರು, ಕಾಲಿನಲ್ಲಿ ಡಾಕ್ಟ್ರ ಔಷಧಿ. ಅಷ್ಟರಲ್ಲಿ ಹಲಸು ಹಣ್ಣಾಗುವ ಕಾಲವೂ ಬಂತು. ಮನೆಯೆಲ್ಲ ಪರಿಮಳ. ಮಾಮಿ ಎಣ್ಣೆ ಹಚ್ಚಿದ ಕೈಯಲ್ಲಿ ತೊಳೆ ಬಿಡಿಸಿ ಎಲ್ಲರಿಗೂ ಕೊಟ್ಟರು, ತಾವು ಬೀಜ ಮಾತ್ರ ಎಣಿಸಿ ಬದಿಗಿಟ್ಟರು. "ನನಗೆ ಇದಕ್ಕಿಂತ ದೊಡ್ಡದು ಬೇಕಾಗಿದೆ" ಎಂದರು, ಯಾರೂ ಕೇಳದೆಯೇ.

ಬಣ್ಣ ಹಳದಿಗೆ ಇಳಿಯಿತು, ಹಸಿರಾಯಿತು. ಒಂದು ಬೆಳಿಗ್ಗೆ ನಳಿಗೆ ಕುದಿದು ಕುದಿದು ನೀಲಿಯಾಗಿಯೇ ನಿಂತಿತು. ಊಟವಾದ ಮೇಲೂ ನೀಲಿ. ನಾನು ಬಚ್ಚಲಿನಿಂದಲೇ ಕರೆದೆ. ಮಾಮಿ ಬಂದು ಬೆಳಕಿಗೆ ಹಿಡಿದು ನೋಡಿ, ನಳಿಗೆಯನ್ನು ನನ್ನ ಕೈಗೆ ಕೊಟ್ಟು, ನೇರ ಒಳಗೆ ಹೋಗಿ ಎರಡು ರಕಅತ್ ನಮಾಝ್ ಮಾಡಿದರು. ಆಮೇಲೆ ದಿನ ದಿನವೂ ನೀಲಿ. ಒಮ್ಮೊಮ್ಮೆ ಹಸಿರು, ಆ ದಿನ ಅಂಗಳದಲ್ಲಿ ಸುತ್ತು ಹೆಚ್ಚು.

ರಮಝಾನಿನ ಹಿಂದಿನ ತಿಂಗಳು ಶಅಬಾನ್, ಅದು ಮುಗಿಯುವ ಮೊದಲು ಪುತ್ತೂರಿಗೆ ಹೋದೆವು. ಡಾಕ್ಟ್ರು ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಚೀಟಿ ನೋಡಿ ತಲೆ ಆಡಿಸಿದರು. "ಉಪವಾಸ ಮಾಡಿ" ಎಂದರು. ಮಾಮಿಗೆ ಅಷ್ಟು ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಕೂಡಲೇ ಡಾಕ್ಟ್ರು ಬೆರಳೆತ್ತಿದರು. "ಮಾತ್ರೆ ಸಂಜೆ ಊಟದ ಹೊತ್ತಿಗೆ, ನಾನು ಬರೆದಷ್ಟೇ. ಬೆಳಗಿನ ಜಾವದ ಸಹರಿ ಊಟ ಬಿಡಬಾರದು. ಕೈ ನಡುಗಿದರೆ, ಮೈ ಬೆವತರೆ, ಕಣ್ಣು ಕತ್ತಲಾದರೆ ಕೂಡಲೇ ತಿನ್ನಬೇಕು. ಸಕ್ಕರೆ ತೀರಾ ಕಡಿಮೆಯಾದದ್ದನ್ನು ನೀಲಿ ಬಣ್ಣ ಹೇಳುದಿಲ್ಲ, ಅದನ್ನು ನಿಮ್ಮ ಮೈಯೇ ಹೇಳಬೇಕು. ಮಾತು ಕೊಡ್ತೀರಾ?"

"ಕೊಟ್ಟೆ" ಎಂದರು ಮಾಮಿ, ಕನ್ನಡದಲ್ಲೇ.

ಮೊದಲ ನೋಂಬಿನ ಸಂಜೆ ಚಾಪೆ ಹಾಸಿ ಎಲ್ಲರೂ ಕೂತೆವು. ಆ ವರ್ಷ ಎಣ್ಣೆಯಲ್ಲಿ ಕರಿದದ್ದು ಯಾರಿಗೂ ಇಲ್ಲ, ಎಲ್ಲರಿಗೂ ಉಪ್ಪಿನ ಮೆಂತೆಗಂಜಿ. ಇವರು ಬಟ್ಟಲು ನೋಡಿ ನಿಟ್ಟುಸಿರು ಬಿಟ್ಟರು. ಬಾಂಗು ಕೇಳಿತು. ಮಾಮಿ ಅರ್ಧ ಖರ್ಜೂರ ಮುರಿದು ಬಾಯಿಗೆ ಹಾಕಿ, ನೀರು ಕುಡಿದು, ಕಣ್ಣು ಮುಚ್ಚಿ ಕೂತರು. ಎದ್ದು ಹಿತ್ತಲಿಗೆ ಹೋಗಲಿಲ್ಲ. ನಾನು ಆ ಹೊತ್ತಿನಲ್ಲಿ ಅಲ್ಲಾಹನ ಹತ್ತಿರ ಏನೂ ಕೇಳಲಿಲ್ಲ, ಕೇಳಲಿಕ್ಕೆ ಏನೂ ಉಳಿದಿರಲಿಲ್ಲ.

ತಿಂಗಳ ನಡುವೆ ಒಂದು ಮಧ್ಯಾಹ್ನ ಮಾತ್ರ ಮಾಮಿಯ ಕೈಯಿಂದ ಖುರ್‌ಆನಿನ ಪೀಠ ಅಲುಗಾಡುವುದನ್ನು ಕಂಡೆ. ಹಣೆ ಒದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಸಕ್ಕರೆ ನೀರು ತಾ" ಎಂದರು. ಗಟಗಟ ಕುಡಿದರು. ಅಳುತ್ತಾರೆ ಎಂದು ನಾನು ಹೆದರಿದ್ದೆ. ಅವರು ಲೋಟ ಕೆಳಗಿಟ್ಟು, "ಮಾತು ಕೊಟ್ಟದ್ದನ್ನು ಮುರಿದರೆ ನೋಂಬಿಗೆ ಎಂತ ಬೆಲೆ? ಒಂದು ಬಾಕಿ ಉಳಿಯಿತು, ಹಬ್ಬ ಕಳೆದು ಹಿಡಿಯುವ" ಎಂದರು. ಮರುದಿನ ಸಹರಿಗೆ ಒಂದು ಹಿಡಿ ಅನ್ನ ಹೆಚ್ಚು ಬಡಿಸಿದೆ. ಕೊನೆಯವರೆಗೆ ಮತ್ತೆ ತೊಂದರೆ ಬರಲಿಲ್ಲ.

ಹಬ್ಬವೂ ಆಯಿತು. ಹಬ್ಬದ ಗಲಾಟೆಯಲ್ಲಿ ನಾನು ಆ ಬಾಕಿಯನ್ನು ಮರೆತೇ ಬಿಟ್ಟಿದ್ದೆ. ಕೆಲವು ದಿನ ಬಿಟ್ಟು ಒಂದು ಬೆಳಗಿನ ಜಾವ ಅಡುಗೆಮನೆಯಲ್ಲಿ ಸದ್ದು. ಮಾಮಿ ತಾವೇ ಗಂಜಿ ಬಿಸಿ ಮಾಡಿ ಕುಡಿಯುತ್ತಾ ಇದ್ದರು. ಆ ದಿನ ಮನೆಯಲ್ಲಿ ಬೇರೆ ಯಾರಿಗೂ ಉಪವಾಸವಿಲ್ಲ. ಮಧ್ಯಾಹ್ನ ಎಲ್ಲರಿಗೂ ಮಾಮಿಯೇ ನಿಂತು ಬಡಿಸಿದರು. ಬಂಗುಡೆ ಮೀನಿನ ಸಾರು, ಅನ್ನ, ಹಪ್ಪಳ. ನಮಗೆ ಉಣ್ಣಲಿಕ್ಕೆ ಸಂಕೋಚ. ಅವರಿಗೆ ಸ್ವಲ್ಪವೂ ಇಲ್ಲ. "ಬಾಲದ ಭಾಗ ಬಿಡಬೇಡ, ಅದೇ ರುಚಿ" ಎಂದು ಇವರ ಬಟ್ಟಲಿಗೆ ಹಾಕಿದರು.

ಅಷ್ಟರಲ್ಲಿ ಪಕ್ಕದ ಮನೆಯ ಗೌಡ್ತಿ ಅಕ್ಕ ಪಾತ್ರೆಯಲ್ಲಿ ಕೆಸುವಿನೆಲೆಯ ಬಿಸಿ ಪತ್ರೊಡೆ ಮುಚ್ಚಿಕೊಂಡು ಅಂಗಳಕ್ಕೆ ಬಂದರು. "ಉಮ್ಮ, ಬಿಸಿ ಇರುವಾಗಲೇ ಒಂದು ತುಂಡು ಬಾಯಿಗೆ ಹಾಕಿ. ನಿಮ್ಮ ನೋಂಬು ಎಲ್ಲ ಮುಗೀತಲ್ಲ."

ಮಾಮಿ ಸೆರಗು ಸರಿ ಮಾಡಿಕೊಂಡರು. ಚಾವಡಿಯ ಮೆಟ್ಟಿಲವರೆಗೆ ನಡೆದು ಬಂದು, ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಉಳಿದವರದ್ದು ಮುಗೀತು ಅಕ್ಕ. ನನಗೆ ಇವತ್ತೂ ಉಂಟು."